ನಿಮ್ಮ ಲೇಖನದಲ್ಲಿ ಮಂಡಿ ಎಲ್ಲಿದೆ?

ಪ್ರಿಯ ಬರಹಗಾರರೇ,

ನಮಸ್ಕಾರ. ನಿಮ್ಮ ‘ಮಂಡಿಯೂರಿದ ವೀರ’ ಲೇಖನ ಕೈಸೇರಿ ಮೂರು ವಾರವಾಯಿತು. ಏನಾಯಿತೆಂದು ನೀವು ಎರಡು ಸಲ ವಿಚಾರಿಸಿದ್ದೀರಿ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಬೇರೆಯವರಿಗಾದರೆ ‘ಸ್ಥಳಾಭಾವ’ ಎಂಬ ಸಂಪಾದಕರ ಹಳೆಯ ಸುಳ್ಳನ್ನು ಹೇಳಿ ಕೈತೊಳೆದುಕೊಳ್ಳುತ್ತಿದ್ದೆ. ಆದರೆ ನಿಮ್ಮ ಐದನೆಯ ಪುಟದಲ್ಲಿ, ಆವರಣದೊಳಗೆ, ಒಂದು ವಾಕ್ಯವಿದೆ. ಆ ಒಂದು ವಾಕ್ಯದ ಋಣಕ್ಕೆ ಈ ಉದ್ದದ ಪತ್ರ. ಅದರ ಮಾತು ಕೊನೆಗೆ.

ಅಮೆರಿಕದ ಫುಟ್‌ಬಾಲ್ ಆಟಗಾರ ಕಾಲಿನ್ ಕೇಪರ್ನಿಕ್ 2016ರಲ್ಲಿ ತಮ್ಮ ದೇಶದ ರಾಷ್ಟ್ರಗೀತೆಯ ಹೊತ್ತಿನಲ್ಲಿ ಎದ್ದು ನಿಲ್ಲದೆ, ಕಪ್ಪು ಜನರ ಮೇಲಿನ ಪೊಲೀಸ್ ದೌರ್ಜನ್ಯವನ್ನು ಪ್ರತಿಭಟಿಸಿದ್ದು ನಿಮ್ಮ ವಿಷಯ. ಒಳ್ಳೆಯ ವಿಷಯ. ಆದರೆ ಮೊದಲ ಎರಡು ಪುಟ ದೇಶಭಕ್ತಿಯ ವ್ಯಾಖ್ಯಾನಕ್ಕೇ ಹೋಗಿದೆ. ಮೂರನೆಯ ಪುಟದಲ್ಲಿ ಕೇಪರ್ನಿಕ್ ಬರುವಾಗ ಅವರು ಆಗಲೇ ಮಂಡಿಯೂರಿ ಆಗಿದೆ. ಊರ ಸರ್ಕಲ್ಲಿನ ಪ್ರತಿಮೆಯ ಹಾಗೆ. ಪ್ರತಿಮೆಗೆ ಹಾರ ಹಾಕಬಹುದು, ಅದರ ಬಗ್ಗೆ ಏಳು ಪುಟ ಓದಿಸುವುದು ಕಷ್ಟ.

ನಡೆದದ್ದು ಹಾಗಲ್ಲ. ಕೇಪರ್ನಿಕ್ ಮೊದಲು ಮಂಡಿಯೂರಲಿಲ್ಲ, ಕುಳಿತರು. 2016ರ ಆಗಸ್ಟ್‌ನಲ್ಲಿ, ಋತು ಶುರುವಾಗುವ ಮುಂಚಿನ ಅಭ್ಯಾಸ ಪಂದ್ಯಗಳಲ್ಲಿ, ಸುಮ್ಮನೆ ಬೆಂಚಿನ ಮೇಲೆ ಕುಳಿತೇ ಇದ್ದರು. ಮೊದಲ ಪಂದ್ಯಗಳಲ್ಲಿ ಯಾರೂ ಗಮನಿಸಲಿಲ್ಲ. ಆಗಸ್ಟ್ 26ರಂದು ಗ್ರೀನ್ ಬೇ ಪ್ಯಾಕರ್ಸ್ ವಿರುದ್ಧದ ಪಂದ್ಯದಲ್ಲಿ ಪತ್ರಕರ್ತೆಯೊಬ್ಬರು ಟ್ವಿಟರ್‌ಗೆ ಹಾಕಿದ ಮೈದಾನದ ಚಿತ್ರದಲ್ಲಿ, ಎಲ್ಲರೂ ನಿಂತಿರುವಾಗ ಕುಳಿತ ಒಬ್ಬ ಮನುಷ್ಯ ಜನರ ಕಣ್ಣಿಗೆ ಬಿದ್ದ. ಜಗತ್ತಿನ ಗಮನ ಸೆಳೆಯಬೇಕೆಂದು ಕುಳಿತವನು ಯಾರೂ ನೋಡದಿದ್ದಾಗಲೂ ಹಾಗೆ ಕುಳಿತಿರುತ್ತಾನೆಯೇ? ನಿಮ್ಮ ಲೇಖನಕ್ಕೆ ಈ ಪ್ರಶ್ನೆಯೊಂದೇ ಎರಡು ಪುಟದ ವ್ಯಾಖ್ಯಾನಕ್ಕಿಂತ ಹೆಚ್ಚು ಕೆಲಸ ಮಾಡಿಕೊಡುತ್ತಿತ್ತು.

ಇನ್ನು ಮಂಡಿಯ ಸಂಗತಿ. ಅದು ಬಂದದ್ದು ವಿರೋಧಿಸಿದವರೊಬ್ಬರಿಂದ. ನೇಟ್ ಬೋಯರ್ ಎಂಬ ಮಾಜಿ ಸೈನಿಕರು ಇರಾಕ್, ಆಫ್ಘಾನಿಸ್ತಾನಗಳಲ್ಲಿ ಇದ್ದವರು, ಸ್ವಲ್ಪ ಕಾಲ ಫುಟ್‌ಬಾಲನ್ನೂ ಆಡಿದವರು. ಕೇಪರ್ನಿಕ್ ಕುಳಿತದ್ದು ಅವರಿಗೆ ನೋವು ತಂದಿತು. ಸೇನೆಯವರು ಓದುವ ಪತ್ರಿಕೆಯಲ್ಲಿ ಬಹಿರಂಗ ಪತ್ರ ಬರೆದರು. ಬೈಯಲಿಲ್ಲ, ಮಾತಾಡೋಣ ಎಂಬ ಧಾಟಿ. ಕೇಪರ್ನಿಕ್ ಕರೆದರು. ಸ್ಯಾನ್ ಡಿಯಾಗೊದ ಹೋಟೆಲೊಂದರ ಲಾಬಿಯಲ್ಲಿ ಇಬ್ಬರೂ, ಸಹ ಆಟಗಾರ ಎರಿಕ್ ರೀಡ್ ಜೊತೆಗೆ, ಮಾತಿಗೆ ಕುಳಿತರು. ಕುಳಿತುಬಿಡುವುದು ತಂಡದವರಿಂದ ದೂರ ಸರಿದ ಹಾಗೆ ಕಾಣುತ್ತದೆ, ಅವರ ಪಕ್ಕದಲ್ಲಿಯೇ ಮಂಡಿಯೂರಿ, ಸೈನಿಕರೂ ಮಡಿದ ಜೊತೆಗಾರನ ಸಮಾಧಿಯ ಮುಂದೆ ಮಂಡಿಯೂರುತ್ತಾರೆ ಎಂದು ಬೋಯರ್ ಸೂಚಿಸಿದರು. ಅದೇ ದಿನ ರಾತ್ರಿ, ಸೆಪ್ಟೆಂಬರ್ 1ರಂದು, ಸ್ಯಾನ್ ಡಿಯಾಗೊದ ಮೈದಾನದಲ್ಲಿ ಕೇಪರ್ನಿಕ್ ಮತ್ತು ರೀಡ್ ಒಂದು ಮಂಡಿ ಊರಿದರು. ಪಕ್ಕದಲ್ಲಿ ಬೋಯರ್ ಎದೆಯ ಮೇಲೆ ಕೈಯಿಟ್ಟು ನೆಟ್ಟಗೆ ನಿಂತಿದ್ದರು. ಅಂದು ಆ ಮೈದಾನದಲ್ಲಿ ಸೇನೆಗೆ ಗೌರವ ಸಲ್ಲಿಸುವ ವಿಶೇಷ ಸಂಜೆ ಬೇರೆ. ಗ್ಯಾಲರಿಯಿಂದ ಧಿಕ್ಕಾರವೂ ಬಂತು.

ಒಬ್ಬ ನಿಂತಿದ್ದಾನೆ, ಇಬ್ಬರು ಮಂಡಿಯೂರಿದ್ದಾರೆ, ಮೂವರೂ ಒಂದೇ ಮಾತುಕತೆಯಿಂದ ಎದ್ದು ಬಂದವರು. ಈ ಚಿತ್ರವನ್ನು ಬಿಟ್ಟು ನೀವು ‘ದಮನಿತರ ಆಕ್ರೋಶದ ಜ್ವಾಲಾಮುಖಿ’ ಎಂದು ಬರೆದಿದ್ದೀರಿ. ಜ್ವಾಲಾಮುಖಿ ಯಾವುದೇ ಲೇಖನದಲ್ಲಿ ಬಂದರೂ ನನ್ನ ಕೆಂಪು ಪೆನ್ನು ತಾನಾಗಿಯೇ ಎದ್ದು ಕೂರುತ್ತದೆ.

ನಿಮ್ಮ ಶೀರ್ಷಿಕೆಯ ಬಗ್ಗೆ ಹೇಳಲೇಬೇಕು. ‘ಮಂಡಿಯೂರು’ ಎಂಬ ಮಾತು ಕನ್ನಡದ ಓದುಗನಿಗೆ ಮೊದಲು ಕೇಳಿಸುವುದು ಹೇಗೆ? ಕ್ರೀಡಾಪುಟವನ್ನೇ ತೆಗೆದು ನೋಡಿ. ‘ಭಾರತಕ್ಕೆ ಮಂಡಿಯೂರಿದ ಇಂಗ್ಲೆಂಡ್’ ಎಂದರೆ ಇಂಗ್ಲೆಂಡ್ ಸೋತಿತು ಎಂದರ್ಥ. ಶಾಲೆಯಲ್ಲಿ ಲೆಕ್ಕ ಮಾಡದ ಹುಡುಗನನ್ನು ಮಂಡಿಯೂರಿಸುತ್ತಿದ್ದರು. ಸೋಲು, ಶರಣಾಗತಿ, ಶಿಕ್ಷೆ ನಮ್ಮ ಮಾತಿನಲ್ಲಿ ಆ ಪದದ ಬೆನ್ನಿಗಿವೆ. ಅಮೆರಿಕನ್ ಫುಟ್‌ಬಾಲಿನಲ್ಲಿ ಆಟಗಾರನೊಬ್ಬ ಪೆಟ್ಟು ತಿಂದು ಏಳಲಾಗದೆ ಮಲಗಿದರೆ ಉಳಿದವರು ಮಂಡಿಯೂರಿ ಕಾಯುತ್ತಾರೆ. ಗೆಲುವು ಖಚಿತವಾದಾಗ, ತಂಡದ ದಾಳಿ ನಡೆಸುವ ಆಟಗಾರ ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡಿದು ಒಂದು ಮಂಡಿ ಊರಿ ಸಮಯ ಕಳೆಯುತ್ತಾನೆ. ಕೇಪರ್ನಿಕ್ ಕ್ವಾರ್ಟರ್‌ಬ್ಯಾಕ್, ಆ ಭಂಗಿ ಅವರ ಮೈಗೆ ಹೊಸದಲ್ಲ. ನೋಡುವವರಿಗೂ ಹೊಸದಲ್ಲ, ಹೊಸದಾದದ್ದು ಆ ಹೊತ್ತು. ಇದನ್ನು ಹೇಳದೆ ‘ಮಂಡಿಯೂರಿದ ವೀರ’ ಎಂದರೆ ಅರ್ಧ ಓದುಗರು ವೀರ ಸೋತನೆಂದು ತಿಳಿದು ಪುಟ ತಿರುಗಿಸುತ್ತಾರೆ.

ನಮ್ಮಲ್ಲಿ ಆ ಭಂಗಿಗೆ ಬೇರೆ ಅರ್ಥವೇ ಇಲ್ಲವೇ? ಇದೆ. ಅಂಗಡಿಗಳ ಕ್ಯಾಲೆಂಡರಿನಲ್ಲಿ ರಾಮನ ಪಾದದ ಬಳಿಯ ಹನುಮಂತನನ್ನು ನೆನೆಯಿರಿ. ಒಂದು ಮಂಡಿ ನೆಲಕ್ಕೆ, ಒಂದು ಮಂಡಿ ಮೇಲಕ್ಕೆ, ಕೈಜೋಡಿಸಿ. ಅದನ್ನು ಸೋಲು ಎಂದವರುಂಟೇ? ರೀಡ್ ಮುಂದಿನ ವರ್ಷ ಬರೆದದ್ದು ಹೆಚ್ಚುಕಡಿಮೆ ಇದೇ ದಾರಿಯ ಮಾತು: ನಮ್ಮ ಭಂಗಿ ದುರಂತದ ದಿನ ಅರ್ಧಕ್ಕೆ ಇಳಿಸಿದ ಧ್ವಜದ ಹಾಗಿತ್ತು ಎಂದು. ಹನುಮಂತನನ್ನು ಲೇಖನಕ್ಕೆ ತರಲೇಬೇಕೆಂದು ಹೇಳುತ್ತಿಲ್ಲ. ತಂದರೆ ಜಗಳಕ್ಕೆ ಬರುವವರಿದ್ದಾರೆ. ನಿಮ್ಮ ತಲೆಯಲ್ಲಿ ಅವನಿರಲಿ ಎಂದಷ್ಟೇ.

ತಪ್ಪುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ‘ತಂಡ ಅವರನ್ನು ಕಿತ್ತೊಗೆಯಿತು’ ಎಂದಿದ್ದೀರಿ. 2017ರ ಮಾರ್ಚ್‌ನಲ್ಲಿ ಒಪ್ಪಂದದಿಂದ ಹೊರಬಂದವರು ಕೇಪರ್ನಿಕ್ ಅವರೇ, ತಂಡಕ್ಕೂ ಉಳಿಸಿಕೊಳ್ಳುವ ಮನಸ್ಸಿರಲಿಲ್ಲ. ಆ ಮೇಲೆ ಅಮೆರಿಕದ ಫುಟ್‌ಬಾಲ್ ಲೀಗಿನ 32 ತಂಡಗಳಲ್ಲಿ ಒಂದೂ ಅವರನ್ನು ಸೇರಿಸಿಕೊಳ್ಳಲಿಲ್ಲ. ಮಾಲೀಕರು ಒಳಸಂಚು ಮಾಡಿದ್ದಾರೆಂದು ಅವರು ಕೊಟ್ಟ ದೂರು 2019ರ ಫೆಬ್ರುವರಿಯಲ್ಲಿ ರಾಜಿಯಲ್ಲಿ ಮುಗಿಯಿತು. ಕಿತ್ತೊಗೆಯುವುದಕ್ಕಿಂತ ಈ ಮೌನವೇ ಭಯಂಕರ, ಬರೆಯುವವನಿಗೆ ಹೆಚ್ಚು ಸಿಗುವುದೂ ಇದರಲ್ಲೇ. ಅಮೆರಿಕದ ಕಪ್ಪು ಓಟಗಾರರಾದ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ 1968ರ ಮೆಕ್ಸಿಕೊ ಒಲಿಂಪಿಕ್ಸ್‌ನ ಪದಕ ವೇದಿಕೆಯಲ್ಲಿ, ನೀವು ಬರೆದ ಹಾಗೆ, ಮಂಡಿಯೂರಲಿಲ್ಲ. ತಲೆ ತಗ್ಗಿಸಿ, ಕಪ್ಪು ಕೈಗವಸಿನ ಮುಷ್ಟಿ ಎತ್ತಿದರು. ಒಬ್ಬರದು ಬಲಗೈ, ಒಬ್ಬರದು ಎಡಗೈ. ಕಾರಣ ಬಹಳ ಸಾದಾ. ಕಾರ್ಲೋಸ್ ತಮ್ಮ ಕೈಗವಸು ಮರೆತು ಬಂದಿದ್ದರು. ಒಂದೇ ಜೊತೆಯನ್ನು ಹಂಚಿಕೊಳ್ಳಿ ಎಂದವರು ಬೆಳ್ಳಿ ಗೆದ್ದು ಪಕ್ಕದಲ್ಲಿ ನಿಂತ ಬಿಳಿಯ ಆಸ್ಟ್ರೇಲಿಯನ್ ಪೀಟರ್ ನಾರ್ಮನ್. 2006ರಲ್ಲಿ ನಾರ್ಮನ್ ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಸ್ಮಿತ್, ಕಾರ್ಲೋಸ್ ಇಬ್ಬರೂ ಇದ್ದರು. ಕೈಗವಸು ಮರೆತ ಕ್ರಾಂತಿಕಾರಿ ನನಗೆ ಜ್ವಾಲಾಮುಖಿಗಿಂತ ಹತ್ತಿರದವನು.

ನಿಮ್ಮ ಕೇಪರ್ನಿಕ್ ಅತಿ ಶುಭ್ರವಾಗಿದ್ದಾರೆ. ಪೊಲೀಸರನ್ನು ಹಂದಿಗಳಾಗಿ ಚಿತ್ರಿಸಿದ ಕಾಲುಚೀಲ ತೊಟ್ಟು ಅಭ್ಯಾಸಕ್ಕೆ ಬಂದಿದ್ದರು, 2016ರ ಅಧ್ಯಕ್ಷೀಯ ಚುನಾವಣೆಯಲ್ಲಿ ಮತವನ್ನೇ ಹಾಕಲಿಲ್ಲ. ಇವನ್ನು ಮುಚ್ಚಿಟ್ಟರೆ, ಎದುರು ಪಕ್ಷದ ಓದುಗ ಅಷ್ಟನ್ನೇ ಹಿಡಿದು ನಿಮ್ಮ ಇಡೀ ಲೇಖನವನ್ನು ತಳ್ಳಿಹಾಕುತ್ತಾನೆ. ನೀವೇ ಮೊದಲು ಹೇಳಿಬಿಡಿ. ಹಾಗೆಯೇ ಎದುರು ನಿಂತವರೆಲ್ಲರನ್ನೂ ‘ವರ್ಣದ್ವೇಷಿಗಳು’ ಎಂದು ಒಂದೇ ಗೋಣಿಚೀಲಕ್ಕೆ ತುಂಬಿದ್ದೀರಿ. ಬೋಯರ್ ಯಾವ ಚೀಲಕ್ಕೆ ಹೋಗಬೇಕು?

ಟ್ರಂಪ್ ಭಾಗ ಪರವಾಗಿಲ್ಲ. 2017ರ ಸೆಪ್ಟೆಂಬರ್ 22ರಂದು ಅಲಬಾಮಾದ ಸಭೆಯಲ್ಲಿ ಅವರು ಮಂಡಿಯೂರುವ ಆಟಗಾರರನ್ನು ಬೈದು, ತೆಗೆದುಹಾಕಿ ಎಂದರು. ಆ ಭಾನುವಾರ ಇನ್ನೂರಕ್ಕೂ ಹೆಚ್ಚು ಆಟಗಾರರು ಕುಳಿತರು ಇಲ್ಲವೇ ಮಂಡಿಯೂರಿದರು. ಇದನ್ನು ನೀವು ‘ಅಭೂತಪೂರ್ವ ವಿಜಯ’ ಎಂದು ಕರೆದಿದ್ದೀರಿ. ನನಗೆ ಅನುಮಾನ. ಅಂದಿನಿಂದ ಮಾತು ಪೊಲೀಸರ ಗುಂಡಿನಿಂದ ಸರಿದು ಅಧ್ಯಕ್ಷರ ನಾಲಗೆಗೆ ಬಂತು. ಮರುದಿನ ಡಲ್ಲಾಸ್ ತಂಡದವರು ಮಾಲೀಕರ ಸಮೇತ ತೋಳಿಗೆ ತೋಳು ಸೇರಿಸಿ ಮಂಡಿಯೂರಿದರು, ಅದೂ ರಾಷ್ಟ್ರಗೀತೆಗೆ ಮುಂಚೆ. ಗೀತೆ ಶುರುವಾದಾಗ ಎಲ್ಲರೂ ಎದ್ದು ನಿಂತಿದ್ದರು. ಯಾರಿಗೂ ನೋವಾಗದ ಹಾಗೆ ಪ್ರತಿಭಟಿಸುವ ಈ ಜಾಣತನವನ್ನು ನೀವು ಬಿಟ್ಟಿರುವುದು ನಷ್ಟ.

ನಮ್ಮ ದೇಶಕ್ಕೆ ಬರುವಾಗ ಎಡವಿದ್ದೀರಿ. 2021ರ ಅಕ್ಟೋಬರ್ 24ರಂದು ದುಬೈನಲ್ಲಿ ಪಾಕಿಸ್ತಾನದ ಎದುರಿನ ಕ್ರಿಕೆಟ್ ಪಂದ್ಯದಲ್ಲಿ ಭಾರತ ತಂಡ ವರ್ಣಭೇದದ ವಿರುದ್ಧ ಮಂಡಿಯೂರಿದ್ದು ನಿಜ, ನಮ್ಮ ಕೆ.ಎಲ್. ರಾಹುಲ್ ಪಿಚ್ಚಿನ ಹತ್ತಿರ ರೋಹಿತ್ ಶರ್ಮಾ ಜೊತೆ ಮಂಡಿಯೂರಿದ್ದೂ ನಿಜ. ಆದರೆ ಅದು ರಾಷ್ಟ್ರಗೀತೆಯ ಹೊತ್ತಿನಲ್ಲಲ್ಲ, ಆಟ ಶುರುವಾಗುವ ಮುನ್ನ. ವ್ಯವಸ್ಥಾಪಕರು ತಿಳಿಸಿದ್ದರು ಎಂದು ನಾಯಕ ಕೊಹ್ಲಿಯೇ ಹೇಳಿದರು. ಎರಡು ದಿನ ಕಳೆದು ದಕ್ಷಿಣ ಆಫ್ರಿಕಾದ ಕ್ವಿಂಟನ್ ಡಿ ಕಾಕ್, ಎಲ್ಲರೂ ಮಂಡಿಯೂರಲೇಬೇಕೆಂಬ ಮಂಡಳಿಯ ಆದೇಶ ಬಂದಾಗ, ಪಂದ್ಯದಿಂದಲೇ ಹಿಂದೆ ಸರಿದರು. ಆಮೇಲೆ ಕ್ಷಮೆ ಕೇಳಿ, ಮುಂದಿನ ಪಂದ್ಯದಲ್ಲಿ ಮಂಡಿಯೂರಿದರು. ಅಪ್ಪಣೆ ಮೀರಿ ಊರಿದ ಮಂಡಿಯೂ ಅಪ್ಪಣೆಯಂತೆ ಊರಿದ ಮಂಡಿಯೂ ಫೋಟೊದಲ್ಲಿ ಒಂದೇ ಥರ ಕಾಣುತ್ತವೆ. ನೀವು ಫೋಟೊ ನೋಡಿ ಬರೆದಿದ್ದೀರಿ.

ಸಿನಿಮಾ ಮಂದಿರದ ರಾಷ್ಟ್ರಗೀತೆಯ ಬಗ್ಗೆ ಬರೆದ ಒಂದೂವರೆ ಪುಟವನ್ನು ಪೂರ್ತಿ ಕತ್ತರಿಸಿ. ಚಿತ್ರಕ್ಕೆ ಮುಂಚೆ ಗೀತೆ ಕಡ್ಡಾಯವಾಗಿದ್ದ ಆ ದಿನಗಳಲ್ಲಿ ಒಂದು ಕೈಯಲ್ಲಿ ಪಾಪ್‌ಕಾರ್ನ್, ಇನ್ನೊಂದರಲ್ಲಿ ಕಾಫಿ ಹಿಡಿದು ಅಟೆನ್ಷನ್‌ನಲ್ಲಿ ನಿಂತವನು ನಾನು, ನನಗೂ ಹೇಳುವುದು ಬಹಳವಿದೆ. ಅದು ಬೇರೆ ಲೇಖನ. ಹೋಲಿಕೆ ಬೇಕೇ ಬೇಕೆಂದರೆ ಕೇರಳದ ಮೂವರು ಮಕ್ಕಳ ಪ್ರಕರಣ ನೋಡಿ. ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥಕ್ಕೆ ಸೇರಿದ ಅವರು ಶಾಲೆಯಲ್ಲಿ ‘ಜನ ಗಣ ಮನ’ಕ್ಕೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಶಾಲೆ ಹೊರಹಾಕಿತು, 1986ರಲ್ಲಿ ಸುಪ್ರೀಂ ಕೋರ್ಟ್ ವಾಪಸು ಸೇರಿಸಿಕೊಳ್ಳಿ ಎಂದಿತು. ಆ ಮಕ್ಕಳು ನಿಂತರು ಎಂಬುದು ತೀರ್ಪಿನಲ್ಲಿ ಮುಖ್ಯವಾಯಿತು. ಕೇಪರ್ನಿಕ್ ನಿಲ್ಲಲಿಲ್ಲ. ಎರಡನ್ನೂ ಪಕ್ಕಪಕ್ಕ ಇಡುವುದಾದರೆ ಈ ವ್ಯತ್ಯಾಸವನ್ನು ಜಾರಿಸಬೇಡಿ.

ಈಗ ಐದನೆಯ ಪುಟ. ‘(ತಾಲ್ಲೂಕು ಮಟ್ಟದ ಕಬಡ್ಡಿಯಲ್ಲಿ ಎದುರು ತಂಡದ ಹುಡುಗನ ಕಾಲು ಮುರಿದಾಗ ನಾವೆಲ್ಲರೂ ಅಂಕಣದಲ್ಲೇ ಕುಕ್ಕರುಗಾಲಿನಲ್ಲಿ ಕುಳಿತೆವು, ಯಾರೂ ಹೇಳಿರಲಿಲ್ಲ.)’ ಇಷ್ಟು ಬರೆದು, ನಾಚಿಕೊಂಡವರ ಹಾಗೆ ಆವರಣ ಹಾಕಿ, ಮತ್ತೆ ದಮನಿತರ ಆಕ್ರೋಶಕ್ಕೆ ಓಡಿದ್ದೀರಿ. ಏಳು ಪುಟಗಳಲ್ಲಿ ನೀವು ಕಣ್ಣಾರೆ ಕಂಡದ್ದು ಇದೊಂದೇ. ಆವರಣ ತೆಗೆಯಿರಿ, ಮೊದಲ ಪ್ಯಾರಾ ಮಾಡಿ. ಅಂಕಣ ಮಣ್ಣಿನದೋ, ಮ್ಯಾಟೋ? ರೆಫರಿ ಶಿಳ್ಳೆ ಊದಿದರೇ, ಸುಮ್ಮನಿದ್ದರೇ? ಮೊದಲು ಕುಳಿತವರು ಯಾರು? ಕುಳಿತಾಗ ಮೈಯಲ್ಲಿ ಏನಿತ್ತು, ಹೆದರಿಕೆಯೋ, ಗೌರವವೋ, ಬರೀ ಸುಸ್ತೋ? ಅಲ್ಲಿಂದ ಸ್ಯಾನ್ ಡಿಯಾಗೊಗೆ ದಾರಿ ಹತ್ತಿರ. ಮೂರು ಪುಟ ಸಾಕು. ತಿದ್ದಿ ಕಳುಹಿಸಿದರೆ ಮೊದಲು ಓದುವ ಭರವಸೆ ಕೊಡುತ್ತೇನೆ, ಪ್ರಕಟಿಸುವ ಭರವಸೆಯನ್ನಲ್ಲ.

ಇನ್ನೊಂದು ಮಾತು. ಆ ಹುಡುಗನ ಕಾಲು ಆಮೇಲೆ ಕೂಡಿಕೊಂಡಿತೇ? ಅದನ್ನು ನೀವು ಎಲ್ಲಿಯೂ ಬರೆದಿಲ್ಲ.

ಇಂತಿ ನಿಮ್ಮ,
ಸಂಪಾದಕ