ಸ್ಪ್ಯಾನಿಷ್ ಕಲಿಯಲು ಒಬ್ಬಳೇ ಹೋದಾಗ ಅಲ್ಲಿಯವರ ಮನೆಯಲ್ಲಿ ಉಳಿಯಬಹುದಾ?

ಎರಡು ತಿಂಗಳು ಸ್ಪ್ಯಾನಿಷ್ ಕಲಿಯಲು ಒಬ್ಬಳೇ ಮಧ್ಯ ಅಮೆರಿಕದ ಗ್ವಾಟೆಮಾಲಾಕ್ಕೆ ಹೊರಟಿದ್ದೀರಿ. ಶಾಲೆಯವರು ಅಲ್ಲಿಯ ಒಂದು ಮನೆಯಲ್ಲಿ ಇರಲು ವ್ಯವಸ್ಥೆ ಮಾಡುತ್ತೇವೆ ಎಂದಿದ್ದಾರೆ. ನೀವು ಮಾಂಸ ತಿನ್ನುವುದಿಲ್ಲ, ಗುರುತಿಲ್ಲದವರ ಮನೆ, ಹೊಂದಿಕೆಯಾಗುತ್ತಾ ಇಲ್ಲಾ ಬೇರೆ ರೂಮ್ ಮಾಡಿಕೊಳ್ಳಲಾ ಎಂದು ಕೇಳಿದ್ದೀರಿ. ಮನೆಯಲ್ಲೇ ಇರಿ. ಆದರೆ ಅದು ಎಂಥ ಮನೆ ಎಂದು ಮೊದಲೇ ಕೇಳಿಕೊಳ್ಳಿ. ಕೇಳದೆ ಹೋಗಿ ನನ್ನ ಒಂದು ವಾರ ಹಾಳಾಯಿತು.

ನಾನು ಸಕಲೇಶಪುರದ ಕಡೆಯವಳು. ಬೆಂಗಳೂರಲ್ಲಿ ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಸೇರುವ ಮಧ್ಯೆ ಗ್ವಾಟೆಮಾಲಾದ ಆಂಟಿಗುವಾ ಊರಿನಲ್ಲಿ 8 ವಾರ ಇದ್ದೆ. 1773ರ ಭೂಕಂಪದಲ್ಲಿ ಬಿದ್ದುಹೋದ ಹಳೇ ರಾಜಧಾನಿ ಅದು. ಮುರಿದ ಚರ್ಚುಗಳು ಇವತ್ತಿಗೂ ಹಾಗೇ ನಿಂತಿವೆ. ಬೀದಿಯೆಲ್ಲ ಕಲ್ಲು ಹಾಸು, ಸುತ್ತ ಮೂರು ಜ್ವಾಲಾಮುಖಿ. ಅಲ್ಲಿಯ ಶಾಲೆಗಳಲ್ಲಿ ಒಬ್ಬ ಟೀಚರಿಗೆ ಒಬ್ಬರೇ ವಿದ್ಯಾರ್ಥಿ. ನನಗೆ ಬೆಳಗ್ಗೆ 8ರಿಂದ 12ರವರೆಗೆ ಪಾಠ. ಅದಾದ ಮೇಲೆ ದಿನವೆಲ್ಲ ನಿಮ್ಮದೇ. ಮನೆ ಮುಖ್ಯವಾಗುವುದು ಆಗಲೇ.

ನನ್ನನ್ನು ಮೊದಲು ಕಳಿಸಿದ ಮನೆಯಲ್ಲಿ ಬೇರೆ ಬೇರೆ ದೇಶದ ಆರು ಜನ ವಿದ್ಯಾರ್ಥಿಗಳಿದ್ದರು. ನಮಗೇ ಬೇರೆ ಮೇಜು. ಮನೆಯಾಕೆ ಊಟ ತಂದಿಟ್ಟು ಒಳಗೆ ಹೋಗಿಬಿಡುತ್ತಿದ್ದರು. ನಾವು ಆರೂ ಜನ ಇಂಗ್ಲಿಷಲ್ಲಿ ಹರಟೆ. ಒಂದು ವಾರದಲ್ಲಿ ಆ ಮನೆಯವರ ಜೊತೆ ನಾನು ಆಡಿದ್ದು 'ಗ್ರಾಸಿಯಾಸ್', 'ಆಗುವಾ' ಅಷ್ಟೇ, ಅಂದರೆ ಥ್ಯಾಂಕ್ಸ್, ನೀರು. ಶುಕ್ರವಾರ ಶಾಲೆಯಲ್ಲಿ ಹೇಳಿದೆ. ಭಾನುವಾರ ಬೇರೆ ಮನೆಗೆ ಬದಲಾಯಿಸಿಕೊಟ್ಟರು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಹಾಗಾಗಿ ದುಡ್ಡು ಕಟ್ಟುವ ಮೊದಲೇ ಕೇಳಿ: ಮನೆಯಲ್ಲಿ ಎಷ್ಟು ಜನ ವಿದ್ಯಾರ್ಥಿಗಳಿರುತ್ತಾರೆ, ಮನೆಯವರು ನಿಮ್ಮ ಜೊತೆ ಕೂತು ಊಟ ಮಾಡುತ್ತಾರಾ? ಎರಡನೇ ಪ್ರಶ್ನೆ ಕೇಳಲು ಸಂಕೋಚವಾಗಬಹುದು. ಆದರೂ ಕೇಳಿ.

ಎರಡನೇ ಮನೆಯಲ್ಲಿ ಅಜ್ಜಿ, ಮಗಳು, ಹತ್ತು ವರ್ಷದ ಮೊಮ್ಮಗ. ಜೊತೆಗೆ ನಾನೊಬ್ಬಳೇ. ಅಲ್ಲಿಯ ಮೊದಲ ಊಟದ ಮಧ್ಯೆ ಗುಡುಗಿದ ಹಾಗಾಯಿತು, ಕಿಟಕಿ ಗಾಜು ಅದುರಿತು. ನನಗೆ ಜೀವವೇ ಬಾಯಿಗೆ ಬಂತು. ಹುಡುಗ ತಲೆ ಎತ್ತದೆ 'ಎಸ್ ಎಲ್ ಫುಯೆಗೊ' ಎಂದ, ಅದು ಫುಯೆಗೊ ಅಂತ. ಫುಯೆಗೊ ಎಂದರೆ ಊರಿನ ಪಕ್ಕದ, ಇನ್ನೂ ಉರಿಯುತ್ತಿರುವ ಜ್ವಾಲಾಮುಖಿ. ಊಟ ಮುಗಿಸಿ ನಾನು ಸುಮ್ನೆ ಎದ್ದೆ. ಮೂವರೂ ನನ್ನನ್ನೇ ನೋಡಿದರು. ಅಲ್ಲಿ ಏಳುವಾಗ ಎಲ್ಲರಿಗೂ 'ಮುಚಾಸ್ ಗ್ರಾಸಿಯಾಸ್' ಎನ್ನಬೇಕು. ಉಳಿದವರು 'ಬುಯೆನ್ ಪ್ರೊವೆಚೊ' ಎನ್ನುತ್ತಾರೆ, ಉಂಡದ್ದು ಮೈಗೆ ಹತ್ತಲಿ ಅನ್ನುವ ಹಾಗೆ. ಅಡುಗೆ ಮಾಡಿದವರಿಗಷ್ಟೇ ಅಲ್ಲ, ಜೊತೆಗೆ ಕೂತವರಿಗೂ ಆ ಧನ್ಯವಾದ ಸಲ್ಲುತ್ತದೆ. ನನಗೆ ಇದು ಎಷ್ಟು ಇಷ್ಟವಾಯಿತು ಎಂದರೆ ಊರಿಗೆ ಬಂದ ಮೇಲೂ ಬಾಯಿಗೆ ಬರುತ್ತಿತ್ತು.

ಊಟದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. 'ನೋ ಕೊಮೊ ಕಾರ್ನೆ', ಅಂದರೆ ಮಾಂಸ ತಿನ್ನುವುದಿಲ್ಲ ಎಂದರೆ ಸಾಲದು. ಕಾರ್ನೆ ಎಂದ ಕೂಡಲೇ ಅವರ ಮನಸ್ಸಿಗೆ ಬರುವುದು ದನದ ಮಾಂಸ. ಕೋಳಿ ತಿನ್ನುತ್ತೀರಿ ಎಂದುಕೊಂಡು ಬಡಿಸುತ್ತಾರೆ. 'ನಿ ಪೊಯೊ, ನಿ ಪೆಸ್ಕಾದೊ' ಎಂದು ಸೇರಿಸಿ, ಕೋಳಿಯೂ ಬೇಡ ಮೀನೂ ಬೇಡ ಅಂತ. ಅನ್ನವನ್ನು ಕೋಳಿ ಪುಡಿ ಹಾಕಿ ಬೇಯಿಸುವುದುಂಟು, ಕಪ್ಪು ಬೀನ್ಸನ್ನು ಹಂದಿ ಕೊಬ್ಬಿನಲ್ಲಿ ಹುರಿಯುವುದೂ ಉಂಟು. ಅದೂ ಆಗದು ಎಂದರೆ ಮೊದಲ ದಿನವೇ ಹೇಳಿ. ಒಂದು ವಾರ ತಿಂದು ಆಮೇಲೆ ಹೇಳಿದರೆ ಅವರಿಗೆ ನೋವಾಗುತ್ತದೆ. ಹೇಳಿದ ಮೇಲೆ ಕಷ್ಟವಿಲ್ಲ: ಬೀನ್ಸ್, ಮೊಟ್ಟೆ, ಹುರಿದ ಬಾಳೆಹಣ್ಣು, ಬೆಣ್ಣೆಹಣ್ಣು. ನಮ್ಮ ಸೀಮೆಬದನೆ ಮೂಲತಃ ಆ ಕಡೆಯದೇ, ಅದಕ್ಕೆ ಅವರು 'ಗುಯಿಸ್ಕಿಲ್' ಎನ್ನುತ್ತಾರೆ. ಎಲ್ಲದಕ್ಕೂ ಜೊತೆಗೆ ತೋರ್ತಿಯಾ, ಅಂದರೆ ಮುಸುಕಿನ ಜೋಳದ ರೊಟ್ಟಿ. ಸಾಮಾನ್ಯವಾಗಿ ದಿನಕ್ಕೆ ಮೂರು ಹೊತ್ತು ಊಟ ಕೊಡುತ್ತಾರೆ. ಭಾನುವಾರ ಮಾತ್ರ ಇಲ್ಲ.

ನನ್ನ ಬಾಯಿ ಬಿಡಿಸಿದ್ದೂ ಈ ತೋರ್ತಿಯಾನೇ. ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ತೊಳೆದು, ರುಬ್ಬಿದ ಹಿಟ್ಟು. ಅಜ್ಜಿ ನಿಂಬೆಹಣ್ಣಿನಷ್ಟು ಉಂಡೆ ತೆಗೆದುಕೊಂಡು ಎರಡೂ ಅಂಗೈ ಮಧ್ಯೆ ಪಟಪಟ ತಟ್ಟುತ್ತಿದ್ದರು, ಪ್ರತಿ ತಟ್ಟಿಗೂ ಸ್ವಲ್ಪ ತಿರುಗಿಸುತ್ತಾ. ಅಕ್ಕಿ ರೊಟ್ಟಿ ತಟ್ಟಿದ ಕೈ ನನ್ನದು, ಬರುತ್ತೆ ಅಂದುಕೊಂಡೆ. ನಾವು ಬಾಳೆ ಎಲೆ ಮೇಲೆ ತಟ್ಟುತ್ತೇವೆ ಅಲ್ವಾ, ಗಾಳಿಯಲ್ಲಿ ತಟ್ಟಿ ಅಭ್ಯಾಸವೇ ಇಲ್ಲ. ಮೊದಲನೆಯದು ಹರಿದು ಬೆರಳಿಗೆ ಸುತ್ತಿಕೊಂಡಿತು. ಅಜ್ಜಿ ನನ್ನ ಕೈ ಹಿಡಿದು 'ಆಸಿ, ಆಸಿ' ಎಂದು ತಿರುಗಿಸಿ ತೋರಿಸಿದರು. ಹೀಗೆ, ಹೀಗೆ. ಅವತ್ತಿನಿಂದ ಮಧ್ಯಾಹ್ನ ನಾನು ರೂಮಿನಲ್ಲಿ ಕೂರಲಿಲ್ಲ. ಉಪ್ಪು, ನೀರು, ಬಿಸಿ, ಇನ್ನೊಂದು, ಸಾಕು: ಈ ಮಾತುಗಳೆಲ್ಲ ಆ ಒಲೆಯ ಮುಂದೆ ಬಂದವು.

ಉಡುಗೊರೆಗೆ ನಮ್ಮ ತೋಟದ ಏಲಕ್ಕಿ ತೆಗೆದುಕೊಂಡು ಹೋಗಿದ್ದೆ. ಗ್ವಾಟೆಮಾಲಾ ಪ್ರಪಂಚದಲ್ಲೇ ಅತಿ ಹೆಚ್ಚು ಏಲಕ್ಕಿ ರಫ್ತು ಮಾಡುವ ದೇಶ ಎಂದು ನನಗೆ ಗೊತ್ತಿರಲಿಲ್ಲ. ಅಜ್ಜಿ ಒಂದು ಕಾಯಿ ಬಿಡಿಸಿ, ಮೂಸಿ, ಇದು ಕೋಬಾನ್ ಕಡೆ ಬೆಳೆಯುತ್ತೆ, ಎಲ್ಲಾ ಅರಬರ ದೇಶಕ್ಕೆ ಹೋಗುತ್ತೆ, ನಾವ್ಯಾರೂ ಅಡುಗೆಗೆ ಹಾಕಲ್ಲ ಎಂದರು. ಅಷ್ಟೂ ಮಾತು ನನಗೆ ಅರ್ಥವಾಯಿತು! ಅವತ್ತು ಹಾಲಿಗೆ ಏಲಕ್ಕಿ ಜಜ್ಜಿ ಹಾಕಿ ಟೀ ಮಾಡಿದೆ. ನಮ್ಮೂರು, ಮಳೆ, ತೋಟ ಎಲ್ಲವನ್ನೂ ಬರುವ ಇನ್ನೂರು ಪದಗಳಲ್ಲೇ ಹೇಳಿದೆ. ತಪ್ಪೆಷ್ಟೋ. ಅವರು ಕೇಳುತ್ತಾ ಕೂತರು.

ಕನ್ನಡದವರಿಗೆ ಒಂದು ಅನುಕೂಲ ಹೇಳಿಬಿಡುತ್ತೇನೆ. 'ಮೆ ಗುಸ್ತಾ ಎಲ್ ಕಾಫೆ' ಎಂದರೆ ನೇರವಾಗಿ 'ನನಗೆ ಕಾಫಿ ಇಷ್ಟ'. ಇಂಗ್ಲಿಷಿನ ದಾರಿಯಲ್ಲಿ ಹೋದರೆ ಇದು ತೊಡಕು, ಕನ್ನಡದಿಂದ ಹೋದರೆ ಮನೆ ಮಾತು. 'ನನಗೆ ತಲೆ ನೋಯ್ತಿದೆ' ಎನ್ನುವುದೂ ಹಾಗೇ. 'ನಾನು' ಎಂದು ಹೇಳದೆ 'ಹೋಗ್ತೀನಿ' ಎನ್ನುತ್ತೇವಲ್ಲ, ಅಲ್ಲೂ 'ವೊಯ್' ಎಂದರೆ ಸಾಕು. ತ, ದ ನಮ್ಮ ಹಾಗೇ ಹಲ್ಲಿಗೆ ತಾಗಿಸಿ ಹೇಳುತ್ತಾರೆ. ಮನೆಯ ಹಿರಿಯರಿಗೆ 'ಉಸ್ತೆದ್' ಬಳಸಿ, ನಮ್ಮ 'ನೀವು' ಇದ್ದ ಹಾಗೆ. ಕಷ್ಟ ಕೊಟ್ಟಿದ್ದು ಮೇಜು ಹೆಣ್ಣು, ಪುಸ್ತಕ ಗಂಡು ಎನ್ನುವ ಲೆಕ್ಕ. ನಮಗೆ ಎರಡೂ 'ಅದು' ತಾನೇ.

ಮನೆಯ ಕೆಲವು ಕ್ರಮಗಳನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬಟ್ಟೆ, ಪಾತ್ರೆ ತೊಳೆಯಲು 'ಪಿಲಾ' ಎಂಬ ಸಿಮೆಂಟಿನ ತೊಟ್ಟಿ ಇರುತ್ತದೆ. ನಡುವೆ ನೀರು ತುಂಬಿದ ತೊಟ್ಟಿ, ಪಕ್ಕದಲ್ಲಿ ಉಜ್ಜುವ ಕಲ್ಲು. ನಡುವಿನ ನೀರಿಗೆ ಬಟ್ಟೆ, ಸೋಪು, ಕೈ ಯಾವುದೂ ತಾಗಬಾರದು, ಬಟ್ಟಲಿನಿಂದ ಮೊಗೆದುಕೊಳ್ಳಬೇಕು. ನಲ್ಲಿ ನಿಂತ ದಿನ ಮನೆಗೆಲ್ಲ ಅದೇ ನೀರು. ಆ ದಿನ ಅಜ್ಜಿ 'ಫಿಹೆಸೆ ಕೆ...' ಎಂದು ಶುರು ಮಾಡುತ್ತಿದ್ದರು, ನಮ್ಮ 'ಏನಾಯ್ತು ಅಂದ್ರೆ...' ಇದ್ದ ಹಾಗೆ. ಅದು ಕಿವಿಗೆ ಬಿದ್ದರೆ ಏನೋ ಇಲ್ಲ ಎಂದೇ ಅರ್ಥ. ಟಾಯ್ಲೆಟ್ ಪೇಪರನ್ನು ಬುಟ್ಟಿಗೇ ಹಾಕಬೇಕು. ಶವರಿನ ತಲೆಯಲ್ಲೇ ಕರೆಂಟಿನ ಹೀಟರ್ ಇರುತ್ತದೆ, ನೀರು ಸಣ್ಣಗೆ ಬಿಟ್ಟಷ್ಟೂ ಬಿಸಿ ಜಾಸ್ತಿ.

ಕತ್ತಲಾದ ಮೇಲೆ ಒಬ್ಬಳೇ ನಡೆಯಬೇಡಿ, ಟುಕ್‌ಟುಕ್ ಹಿಡಿಯಿರಿ. ಬಜಾಜ್ ಆಟೋನೇ, ನೋಡಿದ ಕೂಡಲೇ ಧೈರ್ಯ ಬರುತ್ತದೆ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಮನೆಯಲ್ಲಿ ಹೇಳಿ ಹೊರಡಿ. ಒಮ್ಮೆ ನಾನು ಹೇಳದೆ ತಡ ಮಾಡಿದೆ. ಅಜ್ಜಿ ಬಾಗಿಲಲ್ಲೇ ನಿಂತಿದ್ದರು, ಹೆಗಲ ಮೇಲೆ ಶಾಲು. ಬೈಯಲಿಲ್ಲ. ಬೀನ್ಸ್ ಬಿಸಿ ಮಾಡಲು ಒಳಗೆ ಹೋದರು. ನನಗೆ ಅಳುವೇ ಬಂತು.

ಒಂಟಿತನ ಬರುತ್ತದೆ. ನನಗೆ ಮೂರನೇ ವಾರ ಬಂತು, ಅದೂ ಭಾನುವಾರ. ಮನೆಯಲ್ಲಿ ಊಟವಿಲ್ಲ, ಪಾಠವಿಲ್ಲ, ಪಾರ್ಕಿನ ಕಾರಂಜಿಯ ಸುತ್ತ ಎಲ್ಲರೂ ಸಂಸಾರ ಸಮೇತ. ಬೆಂಚಿನಲ್ಲಿ ಕೂತು ಅಮ್ಮನಿಗೆ ಫೋನ್ ಮಾಡಲು ನೋಡಿದರೆ ಅಲ್ಲಿ ಸರಿರಾತ್ರಿ. ಸಂಜೆ ಮನೆಗೆ ಬಂದಾಗ ಹುಡುಗ ಲೆಕ್ಕದ ಪುಸ್ತಕ ತಂದು ಪಕ್ಕದಲ್ಲಿ ಕೂತ. ನಾನು ಗುಣಾಕಾರ ಹೇಳಿಕೊಟ್ಟೆ, ಅವನು ನನ್ನ ಸ್ಪ್ಯಾನಿಷ್ ಅಂಕಿಗಳನ್ನು ತಿದ್ದಿದ. ಮುಂದಿನ ಭಾನುವಾರದಿಂದ ಅದೇ ನಮ್ಮಿಬ್ಬರ ಕೆಲಸವಾಯಿತು.

ಹೊರಡುವ ದಿನ ಬೆಳಗ್ಗೆ ತಿಂಡಿ ಮುಗಿಸಿ ಎದ್ದು 'ಮುಚಾಸ್ ಗ್ರಾಸಿಯಾಸ್' ಎಂದೆ. ಅವರು 'ಬುಯೆನ್ ಪ್ರೊವೆಚೊ' ಎಂದರು. ಮತ್ತೆ ಕೂರಿಸಿ, ದಾರಿಗೆ ಅಂತ ಬಟ್ಟೆಯಲ್ಲಿ ಸುತ್ತಿದ ಆರು ತೋರ್ತಿಯಾ ಕೈಗಿಟ್ಟರು. ಅದರಲ್ಲಿ ಎರಡು ಅಂಚು ಹರಿದವು, ನಾನು ತಟ್ಟಿದವು.