ಒಂದು ಕಡೆ ಕೂರದ ಹುಡುಗನಿಗೆ ಸ್ಟಾರ್ ಚಾರ್ಟೂ ಬೇಡ, ಹಿಂದಿನ ಬೆಂಚೂ ಬೇಡ

ನಿಮ್ಮ ಪ್ರಶ್ನೆ ಓದಿದ ಕೂಡಲೇ ನನಗೆ ಒಂದು ಬಾಗಿಲಿನ ಚಿಲಕ ನೆನಪಾಯ್ತು. ಎರಡನೇ ಕ್ಲಾಸಿನ ಹುಡುಗ, ಐದು ನಿಮಿಷ ಕೂರಲ್ಲ, ಎದ್ದೆದ್ದು ಹೋಗ್ತಾನೆ. ಸುಮ್ಮನೆ ಕೂತಾಗೆಲ್ಲ ಒಂದು ಸ್ಟಾರ್ ಅಂಟಿಸೋ ಚಾರ್ಟ್ ಹಾಕಲಾ, ಹಿಂದೆ ಒಬ್ಬನೇ ಕೂರಿಸಲಾ, ಇಲ್ಲ ಎಡಿಎಚ್‌ಡಿ (ಗಮನ ನಿಲ್ಲದ, ಒಂದು ಕಡೆ ಕೂರಲಾಗದ ತೊಂದರೆ) ಇರಬಹುದು ಅಂತ ಅವರಮ್ಮನಿಗೆ ಹೇಳಿಬಿಡಲಾ? ಇಷ್ಟೇ ಅಲ್ವಾ ನೀವು ಕೇಳಿದ್ದು? ಮೂರೂ ಬೇಡ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ನಾನು ತುಮಕೂರಿನವಳು. ಮೊದಲ ಪೋಸ್ಟಿಂಗ್ ವಿಜಯಪುರ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಶಾಲೆ. ಅಲ್ಲಿ ಮಕ್ಕಳು ನಮ್ಮನ್ನು ಮಿಸ್ ಅನ್ನಲ್ಲ, ‘ಅಕ್ಕೋರ’ ಅಂತಾರೆ. ನನಗೆ ಕೊಟ್ಟಿದ್ದು ನಲಿಕಲಿ ಕೋಣೆ. ಒಂದು, ಎರಡು, ಮೂರನೇ ತರಗತಿಯ 31 ಮಕ್ಕಳು ಒಂದೇ ಕೋಣೆಯಲ್ಲಿ.

ನೀವು ಖಾಸಗಿ ಶಾಲೆಯವರು ಅಂದಿದ್ದೀರಿ, ಅದಕ್ಕೇ ನಲಿಕಲಿ ಬಗ್ಗೆ ಎರಡು ಮಾತು. ಇದು 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ, 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂದ ಪದ್ಧತಿ. ಬೆಂಚಿಲ್ಲ. ಮಕ್ಕಳು ಗುಂಪು ಗುಂಪಾಗಿ ಕೂರುತ್ತಾರೆ, ಆ ಗುಂಪಿಗೆ ತಟ್ಟೆ ಅಂತೀವಿ. ಗೋಡೆಯ ಮೇಲಿನ ಕಲಿಕಾ ಏಣಿ, ಅಂದರೆ ಕಲಿಕೆಯ ಮೆಟ್ಟಿಲುಗಳ ಪಟ್ಟಿ ನೋಡಿ ತನ್ನ ಪಾಠದ ಕಾರ್ಡನ್ನು ತಾನೇ ತಂದುಕೊಂಡು, ತನ್ನ ತಟ್ಟೆಗೆ ಹೋಗಿ ಕಲಿಯೋದು. ಮೊದಲ ತಟ್ಟೆಯವರಿಗೆ ಟೀಚರ್ ಪೂರ್ತಿ ಜೊತೆಯಲ್ಲಿರಬೇಕು. ಕೊನೇ, ಅಂದರೆ ಐದನೇ ತಟ್ಟೆಯವರು ತಾವಾಗಿಯೇ ಕಲಿತುಕೊಳ್ಳುತ್ತಾರೆ. ಅಂದರೆ ಅಲ್ಲಿ ಓಡಾಟವೂ ಪಾಠದ ಭಾಗವೇ. ಅಂಥ ಕೋಣೆಯಲ್ಲಿ ನಾನು ಒಬ್ಬ ಹುಡುಗನನ್ನು ಓಡಾಡ್ತಾನೆ ಅಂತ ಬೈಯುತ್ತಿದ್ದೆ!

ಅದು 2015, ದೀಪಾವಳಿ ಮುಗಿದಿತ್ತು. ಹುಡುಗ ಎರಡನೇ ತರಗತಿ. ಚುರುಕು, ಹೆಚ್ಚು ಕಮ್ಮಿ ಯಾವಾಗಲೂ ಕೊನೇ ತಟ್ಟೆ. ನಾನೋ ಇಡೀ ದಿನ ಮೊದಲ ತಟ್ಟೆಯಲ್ಲಿ ‘ರ ಗ ಸ ದ’ ಹೇಳಿಸುತ್ತಾ ಕೂತಿರುತ್ತಿದ್ದೆ. ಆ ಹುಡುಗ ಸುಮ್ಮನೆ ಕಾರ್ಡ್ ಓದುತ್ತಿದ್ದಾಗ ನಾನು ಅವನ ಕಡೆ ತಿರುಗಿದ್ದೇ ಇಲ್ಲ. ಎದ್ದು ಬಾಗಿಲಿಗೆ ಹೋದಾಗ ಮಾತ್ರ ಕಣ್ಣಿಗೆ ಬೀಳುತ್ತಿದ್ದ. ಹಾಗಾಗಿ ನನ್ನ ಲೆಕ್ಕದಲ್ಲಿ ಅವನು ಇಡೀ ದಿನ ಬಾಗಿಲಲ್ಲೇ ಇರುವ ಹುಡುಗ.

ಈಗ ನನ್ನ ತಪ್ಪಿಗೆ ಬರ್ತೀನಿ. ಹೊಡೆದೆ ಅಂದುಕೊಂಡಿರಾ? ಇಲ್ಲ. ನಾನು ಒಂದು ಪದ ಬರೆದೆ. ಮೌಲ್ಯಮಾಪನದ ದಾಖಲೆಯಲ್ಲಿ ಅವನ ಹೆಸರಿನ ಮುಂದೆ ‘ಚಂಚಲ. ಗಮನವಿಲ್ಲ. ತರಗತಿಯಿಂದ ಓಡಿಹೋಗುತ್ತಾನೆ’ ಅಂತ ಬರೆದೆ.

ಇದರಲ್ಲೇನು ತಪ್ಪು ಅಂತೀರಾ? ಎಲ್ಲರೂ ಹಾಗೇ ಬರೆಯೋದು. ಆದರೆ ನೋಡಿ, ಎಷ್ಟು ಗಂಟೆಗೆ ಎದ್ದ ಅಂತ ಬರೆದಿಲ್ಲ. ಎಷ್ಟು ಹೊತ್ತು ನಿಂತ, ಏಳುವ ಮುಂಚೆ ಏನು ಮಾಡುತ್ತಿದ್ದ, ಬಂದು ಏನು ಮಾಡಿದ, ಯಾವುದೂ ಇಲ್ಲ. ಯಾವತ್ತಿನಿಂದ ಶುರುವಾಯ್ತು ಅನ್ನೋದೂ ಇಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗೆ ತೆಪ್ಪಗಿದ್ದ ಹುಡುಗ ನವೆಂಬರ್‌ನಲ್ಲಿ ಯಾಕೆ ಎದ್ದ ಅಂತ ನಾನು ಕೇಳಿಕೊಳ್ಳಲೇ ಇಲ್ಲ. ಚಂಚಲ ಅಂತ ಬರೆದಾದ ಮೇಲೆ ಕೇಳೋದೇನಿದೆ? ಉತ್ತರ ಬರೆದಾಗಿತ್ತಲ್ಲ!

ಇನ್ನೊಂದು, ‘ಓಡಿಹೋಗುತ್ತಾನೆ’ ಅನ್ನೋದು ಸುಳ್ಳು. ಅವನು ಯಾವತ್ತೂ ಓಡಿಹೋಗಲಿಲ್ಲ. ಒಂದು ಕಾಲು ಹೊಸ್ತಿಲ ಒಳಗೆ, ಇನ್ನೊಂದು ಹೊರಗೆ, ಎಡಗೈ ಬಾಗಿಲ ಚೌಕಟ್ಟಿನ ಮೇಲೆ. ಬೇವಿನ ಮರದ ಆಚೆ ಏನೋ ನೋಡುತ್ತಿದ್ದ. ಒಂದು ನಿಮಿಷ ಆಗುತ್ತಿತ್ತೋ ಇಲ್ಲವೋ. ಆಮೇಲೆ ತಾನೇ ಬಂದು ಬಿಟ್ಟ ಕಾರ್ಡ್ ಮತ್ತೆ ಹಿಡಿಯುತ್ತಿದ್ದ. ಇದೆಲ್ಲ ನನ್ನ ಕಣ್ಣೆದುರೇ ನಡೆದದ್ದು. ಅದಕ್ಕೇ ಈಗಲೂ ಹೇಳಲಿಕ್ಕೆ ಆಗ್ತಿದೆ. ಆದರೆ ಬರೆಯುವಾಗ ಕೈ ‘ಓಡಿಹೋಗುತ್ತಾನೆ’ ಅಂತ ಬರೆಯಿತು.

ಆ ಪದದ ಹಿಂದೆ ಚಿಲಕ ಬಂತು. ಓಡಿಹೋಗುವವನಿಗೆ ಬಾಗಿಲು ಹಾಕಬೇಕು ತಾನೇ? ಹಾಕಿದೆ. ಮೊದಲ ದಿನ ಬಾಗಿಲ ಹತ್ತಿರ ಹೋಗಿ ಸುಮ್ಮನೆ ನಿಂತ. ಎರಡನೇ ದಿನ ಅತ್ತ. ಮೂರನೇ ದಿನ ಚಿಲಕಕ್ಕೆ ಕೈ ಹಾಕಿದಾಗ ಇನ್ನೊಬ್ಬ ಹುಡುಗ ‘ಅಕ್ಕೋರ, ನೋಡ್ರೀ ಇಲ್ಲಿ’ ಅಂತ ಅಡ್ಡ ನಿಂತ. ಇವನು ಅವನ ಕೈ ಕಚ್ಚಿಬಿಟ್ಟ. ದಾಖಲೆಗೆ ಇನ್ನೊಂದು ಪದ ಸೇರಿತು, ‘ಆಕ್ರಮಣಕಾರಿ’. ಅಜ್ಜಿಯನ್ನು ಕರೆಸಿ ಎಲ್ಲರೆದುರು ಅಂದೆ, ಇವನಿಗೆ ಏನೋ ತೊಂದರೆ ಇದೆ, ದೊಡ್ಡ ಆಸ್ಪತ್ರೆಗೆ ತೋರಿಸಿ ಅಂತ.

‘ಮನ್ಯಾಗ ಛಲೋ ಇರ್ತಾನ್ರೀ ಅಕ್ಕೋರ’ ಅಂದಳು ಅಜ್ಜಿ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಾರನೇ ದಿನದಿಂದ ಹುಡುಗ ಬರಲಿಲ್ಲ.

ಒಂದು ವಾರ ಆದ ಮೇಲೆ ಅಂಗನವಾಡಿ ಕಾರ್ಯಕರ್ತೆ ಸಿಕ್ಕರು. ಅಂಗನವಾಡಿ ಇದ್ದದ್ದು ನಮ್ಮ ಅಂಗಳದಲ್ಲೇ, ಆ ಬೇವಿನ ಮರದ ಆಚೆ. ‘ಅಂವ ಓಡಿ ಹೋಗಾಂವ ಅಲ್ರೀ, ತಂಗೀನ್ನ ನೋಡಾಕ ನಿಂದರ್ತಿದ್ದ’ ಅಂದರು.

ದೀಪಾವಳಿ ಮುಗಿದ ಮೇಲೆ ಆ ಕಡೆಯ ಎಷ್ಟೋ ಮನೆಯವರು ಕಬ್ಬು ಕಡಿಯಲು ಗ್ಯಾಂಗಿನ ಜೊತೆ ಟ್ರ್ಯಾಕ್ಟರ್ ಹತ್ತುತ್ತಾರೆ. ಇವನ ಅಪ್ಪ ಅಮ್ಮನೂ ಮಕ್ಕಳನ್ನು ಅಜ್ಜಿ ಹತ್ತಿರ ಬಿಟ್ಟು ಮಹಾರಾಷ್ಟ್ರದ ಕಡೆ ಹೋಗಿದ್ದರು. ಅವರು ಹೋದ ನಾಲ್ಕನೇ ದಿನ, ನಾಲ್ಕು ವರ್ಷದ ತಂಗಿ ಅಮ್ಮನನ್ನು ಹುಡುಕಿಕೊಂಡು ಅಂಗನವಾಡಿಯಿಂದ ಎದ್ದು ಹೋಗಿದ್ದಳಂತೆ, ಟ್ರ್ಯಾಕ್ಟರ್ ಹೋದ ದಾರಿಯಲ್ಲೇ. ಊರಾಚೆ ಹಳ್ಳದ ಸೇತುವೆ ಹತ್ತಿರ ಯಾರೋ ನೋಡಿ ಎತ್ತಿಕೊಂಡು ಬಂದರು. ಅವತ್ತಿನಿಂದ ಹುಡುಗ ಕಾವಲು. ಕೆಂಪು ಫ್ರಾಕು ಅಂಗನವಾಡಿ ಕಟ್ಟೆಯ ಮೇಲೆ ಕಂಡರೆ ವಾಪಸ್ ಬಂದು ಕಾರ್ಡ್ ಓದುತ್ತಿದ್ದ. ನಾನು ಆ ಬಾಗಿಲಿಗೆ ಚಿಲಕ ಹಾಕಿದ್ದೆ.

ಅವರ ಮನೆಗೆ ಹೋದೆ. ಬೀಗ. ಹುಡುಗನಿಗೆ ಶಾಲೆಯಲ್ಲಿ ಬುದ್ಧಿ ಸರಿಯಿಲ್ಲ ಅಂದರು ಅಂತ ಅಜ್ಜಿ ಫೋನ್ ಮಾಡಿಸಿದ್ದಳು. ಅಪ್ಪ ಬಂದು ಮೂವರನ್ನೂ ಕಬ್ಬಿನ ಗದ್ದೆಗೇ ಕರೆದುಕೊಂಡು ಹೋಗಿದ್ದ. ಅವರು ವಾಪಸ್ ಬಂದದ್ದು ಯುಗಾದಿಗೆ. ಬೇಸಿಗೆ ರಜೆ ಇನ್ನೇನು ಬಂದೇಬಿಟ್ಟಿತ್ತು. ನವೆಂಬರ್‌ನಲ್ಲಿ ಸಣ್ಣ ಕಥೆಯನ್ನು ತಾನೇ ಓದುತ್ತಿದ್ದ ಹುಡುಗ ಜೂನ್‌ನಲ್ಲಿ ಒತ್ತಕ್ಷರಕ್ಕೆ ತಡವರಿಸುತ್ತಿದ್ದ. ಅದನ್ನು ಸರಿಮಾಡಲು ಮುಂದಿನ ದಸರಾವರೆಗೆ ಹಿಡಿಯಿತು. ನನ್ನ ಪದವೋ ಇನ್ನೂ ಅಲ್ಲೇ ಇತ್ತು. ಮುಂದಿನ ವರ್ಷ ಹೊಸದಾಗಿ ಬಂದ ಹೆಡ್‌ಮಾಸ್ಟರ್ ಹಳೇ ದಾಖಲೆ ತಿರುವಿ ಹಾಕಿ ‘ಓ, ಆ ಚಂಚಲ ಹುಡುಗ ಇವನೇನಾ’ ಅಂತ ಕೇಳಿದರು. ಅವನ ಮುಖ ನೋಡುವ ಮುಂಚೆಯೇ.

ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ 17ನೇ ಕಲಂ ನಮಗೆಲ್ಲ ಬಾಯಿಪಾಠ. ಹೊಡೀಬಾರದು ಅಷ್ಟೇ ಅಂದುಕೊಂಡಿರ್ತೀವಿ. ಅದು ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತೆ. ನಾನು ಕೈ ಎತ್ತಿಲ್ಲ ಅಂತ ಎಷ್ಟು ನೆಮ್ಮದಿಯಾಗಿದ್ದೆ ಗೊತ್ತಾ?

ಈಗ ನಿಮ್ಮ ಹುಡುಗನ ವಿಷಯ. ಅವನಿಗೂ ತಂಗಿ ಇರ್ತಾಳೆ ಅಂತ ನಾನು ಹೇಳ್ತಿಲ್ಲ. ಏನಿದೆಯೋ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅದಕ್ಕೇ ಸ್ಟಾರ್ ಚಾರ್ಟ್ ಬೇಡ ಅಂದದ್ದು. ನಾನು ಅವತ್ತು ಕೂತಿದ್ದಕ್ಕೊಂದು ಸ್ಟಾರ್ ಕೊಟ್ಟಿದ್ದರೆ ಏನಾಗುತ್ತಿತ್ತು? ಸ್ಟಾರ್ ಬೇಕಾ ತಂಗಿ ಬೇಕಾ ಅಂತ ಏಳು ವರ್ಷದ ಮಗುವನ್ನು ಕೇಳಿದ ಹಾಗೆ. ಹಿಂದಿನ ಬೆಂಚಂತೂ ನಿಮ್ಮ ಅನುಕೂಲಕ್ಕೆ, ಅವನಿಗಲ್ಲ. ಕಣ್ಣೋ ಕಿವಿಯೋ ಮಂದ ಇದ್ದರೆ ಇನ್ನೂ ಕಷ್ಟ. ಮೊದಲು ಅವೆರಡನ್ನು ಪರೀಕ್ಷೆ ಮಾಡಿಸಲು ಹೇಳಿ. ಸರ್ಕಾರಿ ಶಾಲೆಗಾದರೆ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯದ ಸರ್ಕಾರಿ ಯೋಜನೆ) ತಂಡ ವರ್ಷಕ್ಕೊಮ್ಮೆ ತಪಾಸಣೆಗೆ ಬರುತ್ತೆ. ನಿಮ್ಮಲ್ಲಿ ಪೋಷಕರೇ ಕರೆದುಕೊಂಡು ಹೋಗಬೇಕಾಗುತ್ತೆ.

ಎಡಿಎಚ್‌ಡಿ ಅನ್ನೋ ಪದ ನಿಮ್ಮ ಬಾಯಿಂದ ಬರೋದೇ ಬೇಡ. ಅದನ್ನು ಗುರುತಿಸೋದು ಡಾಕ್ಟರ ಕೆಲಸ. ಅವರು ಕೂಡ ಮನೆ, ಶಾಲೆ ಹೀಗೆ ಕನಿಷ್ಠ ಎರಡು ಕಡೆ ಲಕ್ಷಣಗಳಿವೆಯಾ, 6 ತಿಂಗಳಿಂದ ಇವೆಯಾ ಅಂತ ನೋಡ್ತಾರೆ. ನಿಮ್ಮ ಕೋಣೆಯಲ್ಲಿ, ಅದೂ ಗಣಿತದ ಪೀರಿಯಡ್‌ನಲ್ಲಿ ಮಾತ್ರ ಕಾಣುವುದಾದರೆ ಮೊದಲು ನೋಡಬೇಕಾದ್ದು ಆ ಪೀರಿಯಡ್ಡನ್ನು. (ಆ ಹುಡುಗನ ಅಜ್ಜಿ ಹೇಳಿದ್ದೂ ಅದೇ ತಾನೇ, ಮನೆಯಲ್ಲಿ ಚೆನ್ನಾಗಿದ್ದಾನೆ ಅಂತ!) ನಿಜಕ್ಕೂ ತೋರಿಸಬೇಕು ಅನ್ನಿಸಿದರೆ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆಗಳಿವೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್. ಅಲ್ಲಿಗೆ ಹೋಗುವಾಗಲೂ ಅವರಮ್ಮನ ಕೈಯಲ್ಲಿ ನೀವು ಬರೆದ ಎರಡು ವಾರದ ಟಿಪ್ಪಣಿ ಇರಲಿ. ‘ಚಂಚಲ’ ಅಂತ ಬರೆದ ಚೀಟಿ ಬೇಡ.

ಟಿಪ್ಪಣಿ ಹೇಗೆ ಅಂದರೆ, ಎರಡು ರೂಲ್ಡ್ ಹಾಳೆ ಸಾಕು. ಕ್ಲಾಸಿನ ಎಲ್ಲ ಮಕ್ಕಳನ್ನೂ ಬರೆಯೋಕೆ ಹೋಗಬೇಡಿ, ಅವನೊಬ್ಬನನ್ನೇ ಬರೆಯಿರಿ. ಗಂಟೆ, ಅದಕ್ಕೆ ಮುಂಚೆ ಏನು ನಡೀತಿತ್ತು, ಅವನು ಏನು ಮಾಡಿದ, ಆಮೇಲೆ ನೀವೇನು ಮಾಡಿದಿರಿ. ಈ ಕೊನೆಯದನ್ನು ಬರೆಯಲು ಮುಜುಗರ ಆಗುತ್ತೆ, ಆದರೂ ಬಿಡಬೇಡಿ. ಅವನು ಸುಮ್ಮನೆ ಕೂತ ಹೊತ್ತನ್ನೂ ಬರೆಯಿರಿ, ನಾನು ನೋಡದೇ ಬಿಟ್ಟಿದ್ದು ಅದನ್ನೇ. ಆ ಹುಡುಗ ಜೂನ್‌ನಲ್ಲಿ ವಾಪಸ್ ಬಂದ ಮೇಲೆ ನನ್ನ ಪುಸ್ತಕದಲ್ಲಿ ಬರೆದದ್ದು ಹೀಗಿತ್ತು: ‘11.40. ಐದನೇ ತಟ್ಟೆ. ಕೂಡುವ ಲೆಕ್ಕ ಮುಗಿಸಿದ. ಎದ್ದು ಬಾಗಿಲಿಗೆ ಹೋದ. ಅಂಗನವಾಡಿ ಕಡೆ ನೋಡಿದ. ಅರ್ಧ ನಿಮಿಷ. ವಾಪಸ್ ಬಂದು ಮುಂದಿನ ಕಾರ್ಡ್ ತೆಗೆದ. ನಾನು ಏನೂ ಅನ್ನಲಿಲ್ಲ.’

ಅವನ ತಟ್ಟೆಯನ್ನು ಬಾಗಿಲ ಪಕ್ಕಕ್ಕೆ ಹಾಕಿದ್ದೆ. ಆಗಸ್ಟ್ ಹೊತ್ತಿಗೆ ಏಳುವುದನ್ನೂ ಬಿಟ್ಟ, ಕೂತಲ್ಲಿಂದಲೇ ಕತ್ತು ಚಾಚಿ ನೋಡುತ್ತಿದ್ದ.

ಸೋಮವಾರದಿಂದ ಶುರು ಮಾಡಿ. ಎರಡು ವಾರ ಆದ ಮೇಲೆ ಇಲ್ಲೇ ಬಂದು ಹಾಕಿ, ಅವನ ಹೆಸರು ಹಾಕಬೇಡಿ. ಯಾವ ಹೊತ್ತಿಗೆ ಏಳ್ತಾನೆ ಅಂತ ಇಬ್ಬರೂ ಸೇರಿ ನೋಡೋಣ.