ಓದುಗರ ಪ್ರಶ್ನೆ: ತಲಪಾಡಿ ಗಡಿ ದಾಟಿದರೂ ಸಿಗುವ ಫೆಲೋಶಿಪ್ ಯಾವುದು?

ಪ್ರಶ್ನೆ: ಟೀಚರ್, ನಾನು ಕಾಸರಗೋಡಿನ ಎಣ್ಮಕಜೆಯವಳು, ಮರಾಟಿ ಸಮುದಾಯ. ಕನ್ನಡ ಎಂ.ಎ. ಆಗಿದೆ, ಶೇಕಡಾ 61. ನಮ್ಮವರ ಗೋಂದೋಳು ಪೂಜೆಯ ಹಾಡುಗಳ ಮೇಲೆ ಪಿಎಚ್.ಡಿ. ಮಾಡುವ ಆಸೆ. ಅಪ್ಪ ಅಡಿಕೆ ತೋಟದ ಕೆಲಸಕ್ಕೆ ಹೋಗುವವರು, ಫೆಲೋಶಿಪ್ ಇಲ್ಲದೆ ಆಗದು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯಕ್ಕೆ ಹೋದರೆ ಕೇರಳದ ಜಾತಿ ಸರ್ಟಿಫಿಕೇಟ್ ನಡೆಯುವುದಿಲ್ಲವಂತೆ. ಅಮ್ಮನ ತವರು ದಕ್ಷಿಣ ಕನ್ನಡದ ವಿಟ್ಲ. ಅಲ್ಲಿಂದಲೇ ಒಂದು ಮಾಡಿಸಿಕೊಡುತ್ತೇನೆ ಎಂದು ಮಾವ ಹೇಳುತ್ತಿದ್ದಾರೆ. ಗೆಳತಿಯೊಬ್ಬಳು ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿ ವಿದ್ಯಾರ್ಥಿಗಳಿಗೆ ಕೊಡುವ ಸಂಶೋಧನಾ ವೇತನದ ಜಾಹೀರಾತು ಕಳಿಸಿದ್ದಾಳೆ. ಯಾವುದಕ್ಕೆ ಅರ್ಜಿ ಹಾಕಲಿ?

ಉತ್ತರ: ಮಗಳೇ, ಮಾವನಿಗೆ ಇವತ್ತೇ ಬೇಡ ಎಂದು ಹೇಳಿಬಿಡು. ಮರಾಟಿಗಳು ದಕ್ಷಿಣ ಕನ್ನಡದಲ್ಲೂ ಪರಿಶಿಷ್ಟ ಪಂಗಡ, ಇತ್ತ ನಮ್ಮಲ್ಲೂ ಪರಿಶಿಷ್ಟ ಪಂಗಡ, ನಿಜ. ಆದರೆ ಸರ್ಟಿಫಿಕೇಟ್ ಅಪ್ಪನ ಊರಿನದ್ದೇ ಆಗಬೇಕು, ಅಮ್ಮನ ತವರಿನದ್ದಲ್ಲ. ಪಿಎಚ್.ಡಿ. ಅರ್ಧ ಮುಗಿದಿರುವಾಗ ಯಾರೋ ಒಂದು ದೂರು ಕೊಟ್ಟರೆ ಸೀಟೂ ಹೋದೀತು, ತೆಗೆದುಕೊಂಡ ಹಣವನ್ನೂ ತಿರುಗಿ ಕಟ್ಟಬೇಕಾದೀತು. ಮಾವನಿಗೆ ನಿನ್ನ ಮೇಲೆ ಅಷ್ಟು ಪ್ರೀತಿಯಿದ್ದರೆ ಕೊಣಾಜೆಗೆ ಹೋಗಿ ಬರುವ ದಿನಗಳಲ್ಲಿ ಒಂದು ಕೋಣೆ ಬಿಟ್ಟುಕೊಡಲಿ.

ಒಂದು ರಾಜ್ಯದಲ್ಲಿ ಪರಿಶಿಷ್ಟರಾದವರು ಇನ್ನೊಂದಕ್ಕೆ ಹೋದ ಮಾತ್ರಕ್ಕೆ ಅಲ್ಲಿಯ ಸವಲತ್ತಿಗೆ ಹಕ್ಕುದಾರರಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1990ರಲ್ಲೇ ಹೇಳಿದೆ. ಹಾಗಾಗಿ ಕರ್ನಾಟಕ ಸರಕಾರ ತನ್ನ ಪಂಗಡದ ಮಕ್ಕಳಿಗೆ ಕೊಡುವ ಹಣವನ್ನು ಲೆಕ್ಕಕ್ಕೆ ಹಿಡಿಯಬೇಡ. ಗಡಿಯ ಮಕ್ಕಳು ಮೊದಲು ನೋಡಬೇಕಾದದ್ದು ದಿಲ್ಲಿಯ ಹಣ. ಕೇಂದ್ರ ಬುಡಕಟ್ಟು ವ್ಯವಹಾರಗಳ ಸಚಿವಾಲಯ ವರ್ಷಕ್ಕೆ 750 ರಾಷ್ಟ್ರೀಯ ಫೆಲೋಶಿಪ್ ಕೊಡುತ್ತದೆ. ಅದಕ್ಕೆ ಕೇರಳದ ಸರ್ಟಿಫಿಕೇಟ್ ಸಾಕು, ಓದುವುದು ಕೊಣಾಜೆಯಲ್ಲಾದರೂ ಸರಿ, ಹಂಪಿಯ ಕನ್ನಡ ವಿ.ವಿ.ಯಲ್ಲಾದರೂ ಸರಿ. ಯುಜಿಸಿಯ ಅರ್ಹತಾ ಪರೀಕ್ಷೆ ನೆಟ್ ಪಾಸಾಗಿರಬೇಕೆಂದಿಲ್ಲ, ಎಂ.ಎ. ಅಂಕ ನೋಡಿ ಆಯ್ಕೆ ಮಾಡುತ್ತಾರೆ. ಆದರೆ ಮೊದಲು ಪಿಎಚ್.ಡಿ.ಗೆ ಸೇರಿರಬೇಕು. ಫೆಲೋಶಿಪ್ ಬಂದ ಮೇಲೆ ಸೇರುತ್ತೇನೆ ಎಂದು ಕಾಯುತ್ತ ಕೂತವರನ್ನು ಬೇಕಾದಷ್ಟು ನೋಡಿದ್ದೇನೆ.

ಪಿಎಚ್.ಡಿ. ಪ್ರವೇಶಕ್ಕೆ ಎಂ.ಎ.ಯಲ್ಲಿ ಶೇಕಡಾ 55 ಬೇಕು, ಪಂಗಡದವರಿಗೆ 50. ಆ ಚಿಂತೆ ನಿನಗಿಲ್ಲ. ಹಾಗಿದ್ದರೂ ನೆಟ್ ಬರೆ. 2024ರಿಂದ ಆ ಅಂಕದ ಮೇಲೆಯೇ ಪಿಎಚ್.ಡಿ. ಪ್ರವೇಶ ಸಿಗುವ ದಾರಿಯಿದೆ. ಜೆಆರ್‌ಎಫ್ (ನೆಟ್‌ನಲ್ಲಿ ಮೇಲಿನ ಅಂಕ ಪಡೆದವರಿಗೆ ಸಿಗುವ ಸಂಶೋಧನಾ ಫೆಲೋಶಿಪ್) ಬಂದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000.

ಈಗ ಸರ್ಟಿಫಿಕೇಟಿನ ವಿಷಯ, ನಿನಗೆ ತೊಡಕಾಗುವುದಿದ್ದರೆ ಇಲ್ಲಿಯೇ. ಕಾಸರಗೋಡಿನ ಮರಾಟಿಗಳು ಕೆಲವು ವರ್ಷ ಪಟ್ಟಿಯಿಂದ ಹೊರಗಿದ್ದು 2013ರ ತಿದ್ದುಪಡಿಯಿಂದ ಮರಳಿದವರು. ಆ ಕಾಯಿದೆಯಲ್ಲಿರುವುದು ಹೊಸದುರ್ಗ, ಕಾಸರಗೋಡು ಎಂಬ ಎರಡು ತಾಲೂಕುಗಳ ಹೆಸರು. ನಿಮ್ಮ ಮಂಜೇಶ್ವರ ತಾಲೂಕು ಆಮೇಲೆ ಕಾಸರಗೋಡಿನಿಂದ ಬೇರೆಯಾದದ್ದು. ಇದು ನಮಗೆ ಗೊತ್ತು, ದಿಲ್ಲಿಯಲ್ಲಿ ಅರ್ಜಿ ನೋಡುವವರಿಗೆ ಹೇಗೆ ಗೊತ್ತಾಗಬೇಕು? ಉಪ್ಪಳದ ತಾಲೂಕು ಕಚೇರಿಯಿಂದ ಸರ್ಟಿಫಿಕೇಟ್ ತೆಗೆದುಕೊಳ್ಳುವಾಗ ಸಮುದಾಯದ ಹೆಸರು ಪಟ್ಟಿಯಲ್ಲಿದ್ದಂತೆಯೇ ಇದೆಯೇ, 2013ರ ಕಾಯಿದೆಯ ಉಲ್ಲೇಖ ಬಿದ್ದಿದೆಯೇ ಎಂದು ಅಲ್ಲೇ ನಿಂತು ಓದು. ಮಲಯಾಳದ ಪ್ರತಿ ಬೇಡ, ಇಂಗ್ಲಿಷಿನದ್ದು ಕೇಳು. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ 'ನಾಯ್ಕ', ಆಧಾರಿನಲ್ಲಿ 'ನಾಯಕ್' ಎಂದಿದ್ದರೆ ಸರಕಾರಿ ಆನ್‌ಲೈನ್ ಸೇವೆಗಳ ಅಕ್ಷಯ ಕೇಂದ್ರಕ್ಕೆ ಹೋಗಿ ಈಗಲೇ ಸರಿಮಾಡಿಸಿಕೋ. ಅರ್ಜಿಯ ಕಿಟಕಿ ತೆರೆದ ಮೇಲೆ ಓಡಾಡಲು ಸಮಯ ಸಾಲದು.

ಆಸ್ಟ್ರೇಲಿಯಾದ್ದು ನಿನಗಲ್ಲ. ಅದು ಆ ದೇಶದ ಅಬೊರಿಜಿನಲ್ ಮತ್ತು ಟೊರೆಸ್ ಜಲಸಂಧಿಯ ದ್ವೀಪವಾಸಿ ಜನರಿಗೆ ಮೀಸಲು. ವಂಶದಿಂದ ಅವರವರಾಗಿರಬೇಕು, ತಾವೇ ಹಾಗೆ ಹೇಳಿಕೊಳ್ಳಬೇಕು, ಅವರ ಸಮುದಾಯವೂ ಒಪ್ಪಬೇಕು. ವಿದೇಶಕ್ಕೆ ಹೋಗುವ ಮನಸ್ಸಿದ್ದರೆ ನಮ್ಮದೇ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ವರ್ಷಕ್ಕೆ ಬರೀ 20, ಅದರಲ್ಲಿ 3 ಕೊರಗರಂಥ ವಿಶೇಷ ದುರ್ಬಲ ಪಂಗಡಗಳಿಗೆ. ಮನೆಯ ವರಮಾನ 6 ಲಕ್ಷ ಮೀರಿರಬಾರದು. ಆದರೆ ನಿನ್ನ ವಿಷಯಕ್ಕೆ ಅಷ್ಟು ದೂರ ಯಾಕೆ? ಗೋಂದೋಳು ಹಾಡುವವರು ಮೆಲ್ಬೋರ್ನ್‌ನಲ್ಲಿಲ್ಲ.

ವಿಷಯ ನನಗೆ ಇಷ್ಟವಾಯಿತು. ಆದರೆ ಹಾಡು ಮರಾಟಿಯಲ್ಲಿ, ಸುತ್ತಲಿನ ಮಾತು ತುಳುವಿನಲ್ಲಿ, ಪ್ರಬಂಧ ಕನ್ನಡದಲ್ಲಿ. ಮೂರೂ ಕಿವಿಗೆ ಬೀಳುವ ಗೈಡ್ ಸಿಗುವರೇ ಎಂದು ಮೊದಲು ವಿಚಾರಿಸು. ಹಾಡಿನ ಭಾಷೆಯ ಕಡೆಗೇ ಒಲವಿದ್ದರೆ ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನ ವಿಭಾಗವಿದೆ. ಕನ್ನಡ ಎಂ.ಎ.ಯವರನ್ನು ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿನೋಡು. ಕೇಂದ್ರೀಯ ವಿ.ವಿ.ಗಳಲ್ಲಿ ಬೇರೆ ಫೆಲೋಶಿಪ್ ಇಲ್ಲದವರಿಗೂ ತಿಂಗಳಿಗೆ 8,000 ರೂಪಾಯಿಯ ನಾನ್-ನೆಟ್ ವೇತನವಿದೆ. ಹೆಚ್ಚೇನೂ ಅಲ್ಲ, ಊಟಕ್ಕೂ ಬಸ್ಸಿಗೂ ಆದೀತು.

ರಾಷ್ಟ್ರೀಯ ಫೆಲೋಶಿಪ್ ಆಯಿತೆಂದು ಪತ್ರ ಬಂದರೂ ಮೊದಲ ಕಂತು ಕೈಗೆ ಬರಲು ತಿಂಗಳುಗಳೇ ಹಿಡಿಯಬಹುದು. ಅಲ್ಲಿಯವರೆಗಿನ ಖರ್ಚಿಗೆ ಏನು ದಾರಿ ಎಂದು ಅಪ್ಪನ ಹತ್ತಿರ ಈಗಲೇ ಕೂತು ಮಾತಾಡು.